ಇಸ್ತ್ರಿ ಅಂಗಡೀಲಿ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ

ಮನೆ ಶಿಫ್ಟ್ ಮಾಡಿ ಮೂರು ತಿಂಗಳಾಯ್ತು, ಈಗ ಸ್ವಲ್ಪ ಸುಧಾರಿಸ್ಕೊಂಡು ಬರೀತಿದೀನಿ. ಹನುಮಂತನಗರದಿಂದ ಹೊರಮಾವಿಗೆ. ಯಜಮಾನ್ರ ಆಫೀಸು ಮಾನ್ಯತಾ ಟೆಕ್ ಪಾರ್ಕಲ್ಲಿ, ಬೆಳಿಗ್ಗೆ ಒಂದೂವರೆ ಗಂಟೆ ಸಂಜೆ ಎರಡು ಗಂಟೆ ರೋಡಲ್ಲೇ ಕಳೀತಿತ್ತು, ಮನೆಗೆ ಬಂದ್ರೆ ಯಾರ ಹತ್ರನೂ ಮಾತಿಲ್ಲ ಕತೆಯಿಲ್ಲ, ಸರಿ ನಡೀರಿ ಅಂತ ಹೊರಟ್ವಿ. ಎರಡೂ ಬೆಂಗಳೂರೇ. ಆದ್ರೆ ನಮ್ಮತ್ತೆ ಈಗ್ಲೂ ಫೋನಲ್ಲಿ ಯಾರ ಹತ್ರ ಮಾತಾಡಿದ್ರೂ "ನಾವು ಬೆಂಗ್ಳೂರಲ್ಲಿದ್ದಾಗ" ಅಂತಲೇ ಶುರು ಮಾಡೋದು.

ಶಿಫ್ಟಿಂಗ್ ಟೆನ್ಷನ್ ಕಮ್ಮಿ ಮಾಡ್ಕೊಳೋದು ಹೇಗೆ ಅಂತ ನಾನೂ ವೀಡಿಯೋ ಎಲ್ಲಾ ನೋಡಿದ್ದೆ. ಡಬ್ಬದ ಮೇಲೆ ಹೆಸರು ಬರೀರಿ, ಗಾಜಿನ ಸಾಮಾನಿಗೆ ಪೇಪರ್ ಸುತ್ತಿ, ಹಳೇದೆಲ್ಲಾ ಬಿಸಾಕಿ. ಎಲ್ಲಾ ಮಾಡಿದೆ. ಒಂದು ಲೋಟ ಒಡೀಲಿಲ್ಲ, ಎರಡೇ ದಿನಕ್ಕೆ ಅಡುಗೆಮನೆ ಜೋಡ್ಸಿ ಆಯ್ತು. ಆದ್ರೂ ಮೊದಲ ಒಂದು ತಿಂಗಳು ಮನೇಲಿ ದಿನಾ ಜಗಳ. ಯಾಕೆ ಅಂದ್ರೆ ಬೇಳೆ ಬೇಯ್ತಿರ್ಲಿಲ್ಲ.

ನಗ್ಬೇಡಿ, ನಿಜವಾಗ್ಲೂ. ಅತ್ತೆಗೆ ಮೊದಲಿಂದ ಬೇಳೆ ಪಾತ್ರೇಲಿ ಬೇಯ್ಸೇ ರೂಢಿ, ಕುಕ್ಕರ್ ಬೇಳೆ ರುಚಿ ಇರಲ್ಲ ಅಂತಾರೆ. ಹೊಸ ಮನೇಲಿ ಮುಕ್ಕಾಲು ಗಂಟೆ ಇಟ್ಟರೂ ಬೇಳೆ ಕಾಳುಕಾಳಾಗೇ ನಿಂತಿರೋದು. ಮೊದಲ ದಿನ ಅಂಗಡಿಯವನು ಹಳೇ ಬೇಳೆ ಕೊಟ್ಟಿದಾನೆ ಅಂದ್ರು. ಎರಡನೇ ದಿನ ಬೇರೆ ಅಂಗಡಿಯಿಂದ ತರಿಸಿದ್ರು. ಮೂರನೇ ದಿನ ನಾನು "ಅತ್ತೆ, ಒಂದ್ಸಲ ಕುಕ್ಕರಲ್ಲಿ ಇಡಿ" ಅಂದಿದ್ದಕ್ಕೆ "ನಂಗೆ ಬೇಳೆ ಬೇಯ್ಸಕ್ಕೆ ನೀನು ಹೇಳ್ಕೊಡ್ಬೇಕೇನೇ" ಅಂತ ಸೌಟು ಕೆಳಗಿಟ್ಟು ರೂಮಿಗೆ ಹೋಗ್ಬಿಟ್ರು. ಸಂಜೆ ಕೆಳಗಿನ ಮನೆ ಆಂಟಿ, ಚಿತ್ತೂರು ಕಡೆಯವರು, ತೆಲುಗು ಬೆರೆಸಿದ ಕನ್ನಡದಲ್ಲಿ ಒಂದೇ ಮಾತು ಹೇಳಿದ್ರು, "ಅಮ್ಮ, ಇದು ಬೋರ್ ನೀರು, ಇದ್ರಲ್ಲಿ ಬೇಳೆ ಬೇಯಲ್ಲ, ಕ್ಯಾನ್ ನೀರು ಹಾಕಿ." ಮಾರನೇ ದಿನ ಬೇಳೆ ಬೆಣ್ಣೆ ಹಂಗೆ ಬೆಂತು.

ಗಡಸು ನೀರು ಅಂದ್ರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಜಾಸ್ತಿ ಇರೋ ನೀರು, ಬೇಳೆ ಮೆತ್ತಗಾಗಕ್ಕೆ ಬಿಡಲ್ಲ, ಸೋಪು ನೊರೆ ಬರಲ್ಲ ಅಂತ ಹೈಸ್ಕೂಲಲ್ಲಿ ನಾನೇ ಓದಿ ಮಾರ್ಕ್ಸ್ ತಗೊಂಡಿದೀನಿ. ಅಷ್ಟೊತ್ತಿಗೆ ನೆನಪಾಗ್ಬೇಕಲ್ಲ! ನಲವತ್ತು ವರ್ಷ ಕಾವೇರಿ ನೀರಲ್ಲಿ ಅಡುಗೆ ಮಾಡಿದ ಹೆಂಗಸಿಗೆ ತನ್ನ ಕೈರುಚಿನೇ ಹೋಯ್ತೇನೋ ಅನ್ನಿಸಿತ್ತಂತೆ, ಆಮೇಲೆ ಯಾವಾಗ್ಲೋ ಹೇಳ್ಕೊಂಡ್ರು. ನಾವು ಅದನ್ನ ವಯಸ್ಸಾದವರ ಹಟ ಅನ್ಕೊಂಡು ಕೂತಿದ್ವಿ.

ನನ್ನ ತಂಗಿ ಸೈಕಾಲಜಿ ಓದಿದಾಳೆ, ಇದೆಲ್ಲಾ ಕೇಳಿ ಅವಳೊಂದು ಪಟ್ಟಿ ತೋರಿಸಿದ್ಲು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅಂತ ಅಮೆರಿಕದ ಇಬ್ಬರು ಡಾಕ್ಟರುಗಳು ಮಾಡಿದ್ದು, ಜೀವನದಲ್ಲಿ ಏನೇನು ಬದಲಾದ್ರೆ ಎಷ್ಟೆಷ್ಟು ಒತ್ತಡ ಅಂತ. ಗಂಡನೋ ಹೆಂಡ್ತಿನೋ ತೀರ್ಕೊಂಡ್ರೆ 100, ಮದುವೆಗೆ 50. ಮನೆ ಬದಲಾಯಿಸೋದಕ್ಕೆ ಬರೀ 20! ನಂಗೆ ಕೋಪನೇ ಬಂತು, ಇಷ್ಟೇನಾ ಅಂತ. "ಅಕ್ಕ, ಕೆಳಗೆ ನೋಡೇ" ಅಂದ್ಲು. ಮಕ್ಕಳ ಸ್ಕೂಲ್ ಬದಲಾದ್ರೆ ಇನ್ನೊಂದು 20, ಇರೋ ವಾತಾವರಣ ಬದಲಾದ್ರೆ 25, ಜನರ ಜೊತೆ ಓಡಾಟ ಬದಲಾದ್ರೆ 18, ಚರ್ಚಿಗೆ ಹೋಗೋದು ಬದಲಾದ್ರೆ 19 (ನಮಗೆ ದೇವಸ್ಥಾನ ಅನ್ಕೊಳಿ), ನಿದ್ದೆ 16, ಊಟ 15. ಎಲ್ಲಾ ಕೂಡಿದ್ರೆ 133. ಲಾರಿಗೆ ಹತ್ತಿಸೋ ಸಾಮಾನಿಂದು 20, ಮಿಕ್ಕಿದ್ದೆಲ್ಲಾ ಬೇಳೆ ಲೆಕ್ಕ.

ಅದಕ್ಕೇ ನಾನು ಹೇಳೋದು, ಅಡ್ವಾನ್ಸ್ ಕೊಡೋ ಮುಂಚೆ ಆ ಏರಿಯಾಗೆ ಎರಡು ಸಲ ಸುಮ್ನೆ ಹೋಗಿ ಬನ್ನಿ. ಒಂದ್ಸಲ ವಾರದ ದಿನ ಬೆಳಿಗ್ಗೆ ಏಳೂವರೆಗೆ, ಇನ್ನೊಂದ್ಸಲ ರಾತ್ರಿ ಎಂಟರ ಮೇಲೆ. ನಾವು ಹೋಗಿದ್ದು ಭಾನುವಾರ ಮಧ್ಯಾಹ್ನ, ಆಗ ಯಾವ ಏರಿಯಾನೂ ಚೆನ್ನಾಗೇ ಕಾಣತ್ತೆ. ಮತ್ತೆ ಬ್ರೋಕರ್ ಹತ್ರ ಏನೂ ಕೇಳ್ಬೇಡಿ, ಅವ್ರ ಬಾಯಲ್ಲಿ "ನೀರಿಗೆ ಪ್ರಾಬ್ಲಂ ಇಲ್ಲ ಮೇಡಂ" ಬಿಟ್ಟು ಬೇರೆ ಬರಲ್ಲ. ಮೂಲೇಲಿ ಇಸ್ತ್ರಿ ಅಂಗಡಿ ಇರತ್ತೆ ನೋಡಿ, ಅಲ್ಲಿ ಒಂದು ಜೊತೆ ಬಟ್ಟೆ ಕೊಟ್ಟು ನಿಂತ್ಕೊಳಿ. ಕಾವೇರಿ ಬರತ್ತೋ ಬೋರಾ, ಬೇಸಿಗೇಲಿ ವಾರಕ್ಕೆ ಎಷ್ಟು ಟ್ಯಾಂಕರು, ಮಳೆ ಬಂದ್ರೆ ಯಾವ ರೋಡಲ್ಲಿ ನೀರು ನಿಲ್ಲತ್ತೆ, ಆ ಮನೇಲಿ ಹಿಂದೆ ಇದ್ದವರು ಯಾಕೆ ಖಾಲಿ ಮಾಡಿದ್ರು, ಎಲ್ಲಾ ಅವರಿಗೆ ಗೊತ್ತಿರತ್ತೆ. ಮನೇಲಿ ದೊಡ್ಡವರಿದ್ರೆ ಅವರನ್ನೂ ಕರ್ಕೊಂಡೋಗಿ. ನಮ್ಮತ್ತೆ ಹೊಸ ಮನೆ ನೋಡಿದ್ದು ಹಾಲು ಉಕ್ಕಿಸೋ ದಿನ, ಅದು ನಮ್ಮ ತಪ್ಪು.

ದುಡ್ಡಿನ ವಿಷ್ಯನೂ ಹೇಳ್ಬಿಡ್ತೀನಿ. ಡೆಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳತ್ತೆ, ಆದ್ರೆ ಅದು ಹೆಸರಿಗೆ ತಕ್ಕ ಹಾಗೆ ಮಾದರಿ ಅಷ್ಟೇ, ಇಲ್ಲಿ ಆರು ತಿಂಗಳದ್ದೋ ಹತ್ತು ತಿಂಗಳದ್ದೋ ಕೇಳೋರು ಈಗ್ಲೂ ಕೇಳ್ತಾರೆ. ಹಳೇದು ವಾಪಸ್ ಬರೋ ಮುಂಚೆ ಹೊಸದು ಕೊಡ್ಬೇಕು, ನಡುವೆ ಒಡವೆ ಬ್ಯಾಂಕಿಗೆ ಹೋಗತ್ತೆ. ನಮ್ಮ ಹಳೇ ಓನರ್ರು ಪೇಂಟಿಂಗಿಗೆ ಅಂತ ಒಂದು ತಿಂಗಳದ್ದು ಹಿಡ್ಕೊಂಡ್ರು, ಏಳು ವರ್ಷದಲ್ಲಿ ಒಂದ್ಸಲನೂ ಗೋಡೆಗೆ ಬಣ್ಣ ಹೊಡೆಸದವರು. ಅಗ್ರಿಮೆಂಟಲ್ಲಿ ಬರೆದಿತ್ತು, ನಾವೇ ಸೈನ್ ಹಾಕಿದ್ವಿ, ಏನ್ ಮಾಡೋದು. ಗೃಹಜ್ಯೋತಿ ಇರೋರು ಹಳೇ ಮನೆ ಆರ್‌ಆರ್ ನಂಬರ್ ಸೇವಾ ಸಿಂಧುನಲ್ಲಿ ಡಿ-ಲಿಂಕ್ ಮಾಡಿಸಿ ಹೊಸದಕ್ಕೆ ಅರ್ಜಿ ಹಾಕೋದು ಮರೀಬೇಡಿ, ನಾನು ಮರೆತು ಮೊದಲ ತಿಂಗಳು ಪೂರ್ತಿ ಬಿಲ್ ಕಟ್ಟಿದೆ.

ಮಗಂದು ಬೇಗ ಸರಿ ಹೋಯ್ತು, ಅವನಿಗೊಂದು ಬ್ಯಾಟು, ಆಡಕ್ಕೆ ನಾಕು ಹುಡುಗ್ರು ಸಿಕ್ಕಿದ್ರೆ ಸಾಕು. ಕಷ್ಟ ಆಗಿದ್ದು ಅತ್ತೆಗೇ. ಅಲ್ಲಿ ದಿನಾ ಸಂಜೆ ರಾಮಾಂಜನೇಯ ಗುಡ್ಡಕ್ಕೆ ಹೋಗೋರು, ಅವರದೇ ಒಂದು ಸೆಟ್ಟು, ಎಲ್ಲಾ ಎಪ್ಪತ್ತರ ಹತ್ತಿರದವರು, ಸೊಸೆಯರ ವಿಷ್ಯ ಮಾತಾಡ್ಕೊಂಡು ಏಳು ಗಂಟೆಗೆ ಮನೆಗೆ ಬರೋರು. ಇಲ್ಲೂ ದೇವಸ್ಥಾನ ಇದೆ, ಚೆನ್ನಾಗೇ ಇದೆ, ಆದ್ರೆ "ಪ್ರಸಾದ ಕೊಡ್ತಾರೆ ಕಣೇ, ಯಾವೂರು ಅಂತ ಯಾರೂ ಕೇಳಲ್ಲ" ಅಂದ್ರು. ಅದಕ್ಕೆ ಒಂದು ಏರ್ಪಾಡು ಮಾಡ್ಕೊಂಡಿದೀವಿ. ಪ್ರತಿ ಎರಡನೇ ಶನಿವಾರ ಯಜಮಾನ್ರು ಅವರನ್ನ ಹನುಮಂತನಗರಕ್ಕೆ ಬಿಟ್ಟು ಬರ್ತಾರೆ, ಸ್ನೇಹಿತೆ ಮನೇಲಿ ಒಂದು ರಾತ್ರಿ ಇದ್ದು ಬರ್ತಾರೆ. ಹಳೇದನ್ನ ಪೂರ್ತಿ ಕಿತ್ತು ಹಾಕ್ಬಿಟ್ರೆ ಹೊಸ ಜಾಗಕ್ಕೆ ಬೇಗ ಹೊಂದ್ಕೋತಾರೆ ಅಂತ ಸಂಬಂಧಿಕರೊಬ್ರು ಬುದ್ಧಿ ಹೇಳಿದ್ರು. ನಾನು ಒಪ್ಪಲ್ಲ. ಅಲ್ಲಿಗೆ ಹೋಗಿ ಬರೋಕೆ ಶುರು ಮಾಡಿದ್ಮೇಲೇ ಇವರು ಇಲ್ಲಿ ಕೆಳಗಿನ ಮನೆ ಆಂಟಿ ಜೊತೆ ವಾಕಿಂಗ್ ಹೊರಟಿದ್ದು. ಇಬ್ಬರೂ ಅವರವರ ಭಾಷೇಲೇ ಮಾತಾಡ್ತಾರೆ, ಏನು ಅರ್ಥ ಆಗತ್ತೋ ದೇವರಿಗೇ ಗೊತ್ತು.

ಹೋದ ವಾರ ನಮ್ಮ ರೋಡ್ ಅಗೆದ್ರು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ಅಂತ 2024ರ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತಲ್ಲ, ಅದರ ಕನೆಕ್ಷನ್ನಿಗೆ ನಮ್ಮ ಓನರ್ರು ಈಗ ದುಡ್ಡು ಕಟ್ಟಿದಾರೆ. ಮನೆ ಮುಂದೆ ಎಲ್ಲಾ ಕೆಸರು, ಗಾಡಿ ತೆಗೆಯೋಕಾಗಲ್ಲ ಅಂತ ಎಲ್ಲರೂ ಬೈಕೋತಿದ್ರೆ ಅತ್ತೆ ಮಾತ್ರ ಬಾಲ್ಕನೀಲಿ ಕುರ್ಚಿ ಹಾಕ್ಕೊಂಡು ಪೈಪ್ ಹಾಕೋದನ್ನ ಬೆಳಿಗ್ಗೆಯಿಂದ ನೋಡ್ತಾ ಕೂತಿದ್ರು. ಮಧ್ಯಾಹ್ನ ಕೆಲಸದವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ರು. ನೀರು ಬಿಟ್ಟ ದಿನ ಸಾರು ನಾನೇ ಮಾಡೋದು, ನೀನು ಒಳಗೆ ಬರಬೇಡ ಅಂತ ಈಗ್ಲೇ ಹೇಳಿಟ್ಟಿದಾರೆ.