ಕಂಟಕ ನಿವಾರಕ ಗೋಲ್ಡ್ ಫಿಶ್, ಗುತ್ತಿಗೆ ಸಕ್ಕರ್

ದಾವಣಗೆರೆಯಲ್ಲಿ ಅಕ್ವೇರಿಯಂ ಮೀನು ಸಾಯುವುದಿಲ್ಲ, ಕಂಟಕ ತೆಗೆದುಕೊಂಡು ಹೋಗುತ್ತದೆ. ಪಿ.ಜೆ. ಬಡಾವಣೆಯಿಂದ ವಿದ್ಯಾನಗರದವರೆಗೆ ಹಾಲ್‌ನಲ್ಲಿ ಮೀನಿನ ತೊಟ್ಟಿ ಇಟ್ಟ ಯಾರನ್ನಾದರೂ ಕೇಳಿ. "ಯಜಮಾನ್ರಿಗೆ ಏನೋ ಆಗೋದಿತ್ತು ರೀ, ಮೀನಿನ ಮ್ಯಾಲೆ ಹೋತು" ಎನ್ನುತ್ತಾರೆ. ತಿಂಗಳಿಗೆ ನಾಲ್ಕು ಮೀನು ಸಾಯುವ ಮನೆಯ ಯಜಮಾನರಿಗೆ ಅದೆಷ್ಟು ಗಂಡಾಂತರಗಳು ಕಾದಿದ್ದವೋ! ಮೀನಿನದೇ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಜಾಸ್ತಿಯಾಗಿ ಸತ್ತಿದೆ ಎಂದು ನೀವು ಬಾಯಿ ಬಿಟ್ಟಿರೋ, ಒಳಗೆ ಕುದಿಯುತ್ತಿದ್ದ ಚಹಾ ಒಳಗೇ ಉಳಿಯುತ್ತದೆ.

ವಾಸ್ತು ಪಂಡಿತರ ಲೆಕ್ಕ ಕರಾರುವಾಕ್ಕು: ಎಂಟು ಕೆಂಪು ಗೋಲ್ಡ್ ಫಿಶ್, ಒಂದು ಕಪ್ಪು, ಈಶಾನ್ಯ ಮೂಲೆ. ಎಷ್ಟು ನೀರು ಎಂಬುದನ್ನು ಮಾತ್ರ ಯಾವ ಪಂಡಿತರೂ ಹೇಳಿದ್ದಿಲ್ಲ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹಿಡಿಸುವುದು ಹೆಚ್ಚೆಂದರೆ 55 ಲೀಟರ್. ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ. ದಿನವಿಡೀ ಮೇಯುತ್ತದೆ, ದಿನವಿಡೀ ವಿಸರ್ಜಿಸುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು-ಹದಿನೈದು ವರ್ಷ ಬದುಕಿ ಗೇಣುದ್ದ ಬೆಳೆಯುತ್ತದೆ. ನಮ್ಮಲ್ಲಿ ಅದು ಬೆಳೆದದ್ದನ್ನು ಕಂಡವರು ಕಡಿಮೆ, ಕಂಟಕಗಳು ಅದಕ್ಕೆ ಅಷ್ಟು ಪುರುಸೊತ್ತು ಕೊಡುವುದಿಲ್ಲ.

ಇಷ್ಟಾದ ಮೇಲೆ ಅಂಗಡಿಯವನು ಕೊನೆಯಲ್ಲಿ ಒಂದು ಮಾತು ಸೇರಿಸುತ್ತಾನೆ: "ಒಂದು ಸಕ್ಕರ್ ಹಾಕ್ಬಿಡಿ ಸಾರ್, ಕ್ಲೀನಿಂಗ್ ಫಿಶ್. ಟ್ಯಾಂಕ್ ತೊಳೆಯೋ ತಾಪತ್ರಯನೇ ಇಲ್ಲ."

ಹೀಗೆ ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆದು ತಿನ್ನುವ ಸಕ್ಕರ್‌ನ ನೇಮಕಾತಿಯಾಗುತ್ತದೆ, ಹೊರಗುತ್ತಿಗೆ ಆಧಾರದ ಮೇಲೆ. ಹುದ್ದೆ ಸ್ವಚ್ಛತೆ, ಸಂಬಳ ಸೊನ್ನೆ, ಊಟ ಸ್ಥಳದಲ್ಲೇ ಲಭ್ಯ ಎಂದು ಆದೇಶ. ಲಭ್ಯವಿದೆಯೇ? ನಿನ್ನೆ ಕೊಂಡು ತಂದ ತೊಟ್ಟಿಯಲ್ಲಿ ಪಾಚಿ ಎಲ್ಲಿಂದ ಬರಬೇಕು? ಗೋಲ್ಡ್ ಫಿಶ್‌ನ ಹೇಲನ್ನು ಅದು ತಿನ್ನುತ್ತದೆ ಎಂಬುದು ಮಾಲೀಕರ ಗಾಢ ನಂಬಿಕೆ. ಅದು ತಿನ್ನುವುದಿಲ್ಲ. ಬದಲಿಗೆ ತನ್ನದೇ ಉದ್ದುದ್ದ ದಾರಗಳನ್ನು ಕಲ್ಲಿನ ಮೇಲೆ ಪೇರಿಸುತ್ತದೆ. ಒಬ್ಬರ ಕಸ ಗುಡಿಸಲು ಬಂದವನು ಇಬ್ಬರ ಕಸ ಮಾಡಿ ಕೂತ ಹಾಗೆ.

ಹಸಿದವನು ಎಷ್ಟು ದಿನ ಗಾಜು ನೆಕ್ಕಿಯಾನು? ರಾತ್ರಿ ಲೈಟ್ ಆರಿಸಿದ ಮೇಲೆ ಸಕ್ಕರ್ ಗಾಜು ಬಿಟ್ಟು ಹೊರಡುತ್ತದೆ. ಗೋಲ್ಡ್ ಫಿಶ್‌ದು ಮಂದಗತಿ, ಚಪ್ಪಟೆ ಪಕ್ಕೆ, ಮೈತುಂಬ ಲೋಳೆ. ಸಕ್ಕರ್ ಆ ಪಕ್ಕೆಗೆ ಬಾಯಿ ಒತ್ತಿ ಲೋಳೆ ಕೆರೆದು ತಿನ್ನುತ್ತದೆ. ಬೆಳಗ್ಗೆ ನೋಡಿದರೆ ರೂಪಾಯಿಯಗಲ ಹುರುಪೆ ಕಿತ್ತು ಚರ್ಮ ಬೆಳ್ಳಗೆ ಬಿಟ್ಟುಕೊಂಡಿರುತ್ತದೆ. ನನಗೆ ಪರಿಚಯದ ಒಬ್ಬ ಹಿರಿಯರು ಇದನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದ್ದರು: "ನೋಡ್ರಿ, ಜಾತಿ ಬ್ಯಾರೆ ಆದ್ರೂ ಹ್ಯಾಂಗ್ ಅಂಟ್ಕಂಡಾವೆ. ಮನುಷ್ಯರು ಕಲೀಬೇಕು." ಆ ವಿಡಿಯೊ ಶುಭೋದಯ ಸಂದೇಶವಾಗಿ ಊರೆಲ್ಲ ಸುತ್ತಿತು.

ಗೋಲ್ಡ್ ಫಿಶ್‌ಗೆ 20 ಡಿಗ್ರಿ ಆಸುಪಾಸಿನ ತಣ್ಣೀರು ಹಿತ, ಸಕ್ಕರ್‌ಗೆ 26ರ ಬೆಚ್ಚನೆಯದು. ನಮ್ಮ ಏಪ್ರಿಲ್ ಇಬ್ಬರ ಮಾತನ್ನೂ ಕೇಳುವುದಿಲ್ಲ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮಧ್ಯಾಹ್ನ ಕರೆಂಟ್ ಹೋದರೆ ಗಾಳಿಯ ಪಂಪೂ ಬಂದ್. ಸಕ್ಕರ್ ಗಟ್ಟಿಗ, ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ.

ಮನೆಯ ಮಾತು ಮನೆಗಿರಲಿ, ಕಚೇರಿಗೆ ಬನ್ನಿ. ಯಾವ ಕಚೇರಿ ಎಂದು ಕೇಳಬೇಡಿ, ನನ್ನ ಖಾತಾ ಅರ್ಜಿ ಇನ್ನೂ ಅಲ್ಲೇ ಇದೆ. ಸ್ವಾಗತ ಕೌಂಟರಿನ ಪಕ್ಕ ಒಂದು ಅಕ್ವೇರಿಯಂ ಬಂತು. ಸಚಿವರು ಬಂದು ಟೇಪು ಕತ್ತರಿಸಿದರು. ಉದ್ಘಾಟನಾ ಫಲಕದಲ್ಲಿ ಹೆಸರುಗಳು ಎಷ್ಟಿದ್ದವೆಂದರೆ ಫಲಕವೇ ತೊಟ್ಟಿಗಿಂತ ದೊಡ್ಡದಾಯಿತು. 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಸೇರಿದ ಊರು ನಮ್ಮದು, ಮೀನು ಸ್ವಲ್ಪ ಅನುಸರಿಸಿಕೊಂಡು ಹೋಗಲಿ ಎಂಬ ನಿರೀಕ್ಷೆ ತಪ್ಪಲ್ಲ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಸಚಿವರ ಪ್ರವಾಸ ಪಟ್ಟಿಯಲ್ಲಿ ಬ್ಯಾಕ್ಟೀರಿಯಾಗೆ ಜಾಗ ಇರಲಿಲ್ಲ. ನೀರು ತುಂಬಿದ ದಿನವೇ ಒಂಬತ್ತು ಗೋಲ್ಡ್ ಫಿಶ್, ಒಂದು ಸಕ್ಕರ್ ಕರ್ತವ್ಯಕ್ಕೆ ಹಾಜರಾದವು.

ಸಂಜೆ ಐದೂವರೆಗೆ ಫ್ಯಾನಿನ ಜೊತೆ ಫಿಲ್ಟರೂ ಆಫ್, ವಿದ್ಯುತ್ ಉಳಿತಾಯದ ಸುತ್ತೋಲೆ ಇದೆಯಂತೆ. ನಲ್ಲಿ ಬಂದ ದಿನ ಅಟೆಂಡರ್ ನೀರೆಲ್ಲ ಬಸಿದು, ಕಲ್ಲುಗಳಿಗೆ ಸೋಪಿನ ಪುಡಿ ಹಾಕಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ, ಕ್ಲೋರಿನ್ ಘಮಘಮಿಸುವ ನೀರನ್ನು ಹಾಗೇ ತುಂಬುತ್ತಾನೆ. ಅಷ್ಟಿಷ್ಟು ಬ್ಯಾಕ್ಟೀರಿಯಾ ಹುಟ್ಟಿದ್ದರೆ ಅಂದಿಗೆ ಅದರ ಸೇವಾ ನಿವೃತ್ತಿ. ಶುಕ್ರವಾರ ಗಾಜಿಗೆ ಅರಿಶಿನ ಕುಂಕುಮ. ಫೈಲಿಗಾಗಿ ಕಾದು ಕೂತ ಜನ ಕೈಯಲ್ಲಿದ್ದ ಖಾರ ಮಂಡಕ್ಕಿಯನ್ನೇ ನಾಲ್ಕು ಕಾಳು ಎಸೆಯುತ್ತಾರೆ. ಮಂಡಕ್ಕಿ ತೇಲುತ್ತದೆ, ಎರಡು ದಿನ ಬಿಟ್ಟು ಮೀನೂ ತೇಲುತ್ತದೆ.

ಮನೆಯಲ್ಲಾದರೆ ಸತ್ತ ಮೀನನ್ನು ತುಳಸಿ ಕಟ್ಟೆಯ ಬುಡದಲ್ಲಿ ಹೂತರೆ ಮುಗಿಯಿತು. ಕಚೇರಿಯಲ್ಲಿ ಹಾಗಾಗದು. ದಾಸ್ತಾನು ವಹಿಯಲ್ಲಿ ಗೋಲ್ಡ್ ಫಿಶ್ ಒಂಬತ್ತು. ತೊಟ್ಟಿಯಲ್ಲಿ ಮೂರು. ಉಳಿದ ಆರನ್ನು ವಹಿಯಿಂದ ತೆಗೆಯಲು ಸಮಿತಿಯಾಗಬೇಕು, ಸಮಿತಿಗೆ ಸಭೆಯಾಗಬೇಕು, ಸಭೆಗೆ ಕೋರಂ ಆಗಬೇಕು. ಹಾಗಾಗಿ ಅವು ಕಾಗದದಲ್ಲಿ ಈಗಲೂ ಬದುಕಿವೆ, ಅವುಗಳ ಹೆಸರಿನಲ್ಲಿ ಆಹಾರದ ಬಿಲ್ಲೂ ಪಾಸಾಗುತ್ತಿದೆ. ಸಾಹೇಬರಿಗೆ ಬರಬೇಕಿದ್ದ ವಿಚಾರಣೆ ಮುಂದೂಡಿದ್ದು ಈ ಆರರ ಪುಣ್ಯದಿಂದಲೇ ಎಂದು ಎರಡನೇ ದರ್ಜೆಯ ಗುಮಾಸ್ತರು ಪಿಸುಗುಡುತ್ತಾರೆ.

ಸಕ್ಕರ್ ಮಾತ್ರ ಯಾರ ಕಂಟಕವನ್ನೂ ಹೊತ್ತುಕೊಂಡು ಹೋಗಲಿಲ್ಲ. ಬೆರಳುದ್ದ ಬಂದದ್ದು ಮೊಳದ ಸಮೀಪ ಬೆಳೆಯಿತು. ಮೈಮೇಲೆ ಮೂಳೆಯ ಕವಚ. ಬಾಲ ಅತ್ತ ಬೀಸಿದರೆ ಪ್ಲಾಸ್ಟಿಕ್ ಗಿಡ ಉರುಳುತ್ತದೆ, ಇತ್ತ ಬೀಸಿದರೆ ಗುಳ್ಳೆ ಬಿಡುವ ಬೊಂಬೆ. ನೋಡಲು ಅಪಶಕುನ ಎಂದು ತೀರ್ಮಾನವಾಯಿತು. ಕೊಲ್ಲುವುದು ಪಾಪ. ಬಕೆಟ್‌ನಲ್ಲಿ ಹಾಕಿಕೊಂಡು ಊರಿನ ಗಾಜಿನ ಮನೆ ಉದ್ಯಾನದ ಕಡೆಗೆ ಹೊರಟು, ಕುಂದವಾಡ ಕೆರೆಗೆ ಬಿಟ್ಟು, ಕೈಮುಗಿದು, ಫೋಟೊ ತೆಗೆಸಿಕೊಂಡರು. ಭದ್ರಾ ನಾಲೆಯಿಂದ ತುಂಬಿ ಊರಿಗೆ ಕುಡಿಯಲು ಕೊಡುವ ಕೆರೆ ಅದು. ಮೀನಿನ ತವರು ದಕ್ಷಿಣ ಅಮೆರಿಕ.

ಕೇರಳ, ಆಂಧ್ರದ ನೀರಿನಲ್ಲಿ ಇದೇ ಮೀನು ಈಗಾಗಲೇ ಬೀಡುಬಿಟ್ಟಿದೆ. ಮುಳ್ಳಿನ ಮೈ ಬಲೆಗೆ ಸಿಕ್ಕರೆ ಬಲೆ ಹರಿಯುತ್ತದೆ, ಮಾರಲು ಹೋದರೆ ಕೊಳ್ಳುವವರಿಲ್ಲ. ಮೊಟ್ಟೆ ಇಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುವುದು ಇದರ ಕುಲಕಸುಬು, ದಡ ಎಂದರೆ ನಮ್ಮ ಕಡೆ ಏರಿ. ಏರಿ ಜಿನುಗಲು ಶುರುವಾದ ದಿನ ಪತ್ರ ವ್ಯವಹಾರ ಆರಂಭವಾಗುತ್ತದೆ: ಮೀನು ಮೀನುಗಾರಿಕೆಯವರದು, ತೂತು ನೀರಾವರಿಯವರದು, ಸೋರಿದ ನೀರು ಪಾಲಿಕೆಯವರದು.