ಕೋರ್ಸ್ ಮುಗಿಯುವವರೆಗೆ ಕ್ಲಿಕ್ ಮಾಡುತ್ತಲೇ ಇರಬೇಕೆ?

ಮೊನ್ನೆ ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಹೆಲ್ಪ್‌ಡೆಸ್ಕಿಗೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಎಕ್ಸೆಲ್ ಹಾಳೆಯಲ್ಲಿದ್ದ 62 ಹೆಸರುಗಳನ್ನು ಒಂದೊಂದಾಗಿ ಕಾಪಿ ಮಾಡಿಕೊಂಡು, ಕಚೇರಿಯ ಎಲ್ಲರ ಲಾಗಿನ್ ಖಾತೆಗಳಿರುವ ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದೊಂದೇ ಯೂಸರ್ ಅಕೌಂಟ್ ತೆರೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ 19 ಮುಗಿದಿದ್ದವು, ಅವುಗಳಲ್ಲಿ ಇಬ್ಬರ ವಿಭಾಗ ಅದಲುಬದಲಾಗಿತ್ತು. ‘ಇದನ್ನೆಲ್ಲ ತಾನಾಗಿ ಮಾಡುವ ಸ್ಕ್ರಿಪ್ಟ್ ಬರೆಯಬಾರದೇನಮ್ಮ?’ ಎಂದು ಕೇಳಿದ್ದಕ್ಕೆ, ‘ಕೋರ್ಸ್ ಇನ್ನೂ ಮುಗಿದಿಲ್ಲ ಸರ್, ಈಗ ಇನ್ಹೆರಿಟೆನ್ಸ್ ನಡೀತಿದೆ’ ಎಂದಳು. ನಾಲ್ಕು ತಿಂಗಳಿಂದ ನಿದ್ದೆಗೆಟ್ಟು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಇನ್ಹೆರಿಟೆನ್ಸ್ ಎಂದರೆ ಒಂದು ಕ್ಲಾಸಿನ, ಅಂದರೆ ಮಾದರಿಯ, ಗುಣಗಳನ್ನು ಇನ್ನೊಂದು ಪಡೆಯುವುದು: ಕಾರು ಎಂಬುದೊಂದು ಕ್ಲಾಸ್, ಅದರಿಂದ ಹುಟ್ಟಿದ ಎಲೆಕ್ಟ್ರಿಕ್ ಕಾರು ಇನ್ನೊಂದು ಕ್ಲಾಸ್. ಇಷ್ಟು ವರ್ಷಗಳಲ್ಲಿ ಕಾರು ಕೆಟ್ಟಿದೆಯೆಂದು ಯಾರೂ ನಮಗೆ ದೂರಿನ ಟಿಕೆಟ್ ಹಾಕಿದ್ದು ನನಗಂತೂ ನೆನಪಿಲ್ಲ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ‘ಮೊದಲು ಭಾಷೆಯನ್ನು ಪೂರ್ತಿ ಕಲಿ, ಆಮೇಲೆ ಕೆಲಸಕ್ಕೆ ಬಳಸು’ ಎಂದು ಅವಳ ತಲೆಗೆ ತುಂಬಿದ ಹಿರಿಯರ ಮೇಲೆ ಸಿಟ್ಟು. ಪೂರ್ತಿ ಕಲಿತವರು ಯಾರಿದ್ದಾರೆ? ಈ ಮಾತು ಹೇಳಿದವರೇ ಪಾಸ್‌ವರ್ಡ್ ರೀಸೆಟ್‌ಗೆ ಇಂದಿಗೂ ಮೌಸ್ ಹಿಡಿಯುತ್ತಾರೆ.

ಪೈಥಾನ್ ಒಳ್ಳೆಯ ಭಾಷೆಯೇ, ಲಿನಕ್ಸ್ ಸರ್ವರ್‌ಗಳ ನಡುವೆ ಕೂತವರಿಗೆ ಅಲ್ಲಿನ ಕಮಾಂಡ್ ಭಾಷೆಯಾದ ಬ್ಯಾಶ್ ಕೂಡ ಬೇಕೇ ಬೇಕು. ಆದರೆ ದಿನವಿಡೀ ವಿಂಡೋಸ್ ಯಂತ್ರಗಳನ್ನೇ ನೋಡಿಕೊಳ್ಳುವವರಿಗೆ, ಕಮಾಂಡುಗಳಿಂದ ಕೆಲಸ ಮಾಡಿಸುವ ಪವರ್‌ಶೆಲ್ ಕಂಪ್ಯೂಟರಿನೊಳಗೇ ಬಂದು ಕೂತಿದೆ. ಮೈಕ್ರೋಸಾಫ್ಟ್‌ನಲ್ಲಿದ್ದ ಜೆಫ್ರಿ ಸ್ನೋವರ್ 2002ರಲ್ಲಿ ಅದರ ಕಲ್ಪನೆಯನ್ನು ಬರೆದಿಟ್ಟದ್ದೂ, 2006ರಲ್ಲಿ ಅದು ಹೊರಬಂದದ್ದೂ ನಮ್ಮಂತಹ ನಿರ್ವಹಣೆಯವರಿಗಾಗಿಯೇ. ಬ್ಯಾಶ್‌ನಲ್ಲಿ ಒಂದು ಕಮಾಂಡಿನಿಂದ ಇನ್ನೊಂದಕ್ಕೆ ಸಾಗುವುದು ಬರಿಯ ಅಕ್ಷರಗಳ ಸಾಲಾದರೆ, ಇಲ್ಲಿ ಸಾಗುವುದು ಹೆಸರು, ವಿಭಾಗ, ದಿನಾಂಕ ಎಲ್ಲವೂ ಬೇರೆ ಬೇರೆಯಾಗಿಯೇ ಇರುವ ಆಬ್ಜೆಕ್ಟ್. ‘ಇಂಪೋರ್ಟ್-ಸಿಎಸ್‌ವಿ’ ಎಂದರೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲಾಗಿ ಉಳಿಸಿದ ಹಾಳೆಯ ಪ್ರತಿ ಸಾಲೂ ಒಂದು ಆಬ್ಜೆಕ್ಟ್ ಆಗಿ, ಕಾಲಮ್‌ಗಳ ತಲೆಬರಹವೇ ಅದರ ಗುಣಗಳ ಹೆಸರಾಗುತ್ತದೆ. ಆ 62 ಜನರ ಕೆಲಸಕ್ಕೆ ಇದೂ, ಅದೇ ಕೆಲಸವನ್ನು ಪ್ರತಿ ಸಾಲಿಗೂ ಮಾಡಿಸುವ ಒಂದು ಲೂಪೂ, ಹೊಸ ಅಕೌಂಟ್ ತೆರೆಯುವ ‘ನ್ಯೂ-ಎಡಿಯೂಸರ್’ ಎಂಬ ಕಮಾಂಡೂ ಸಾಕು. ಇನ್ಹೆರಿಟೆನ್ಸ್ ಎಲ್ಲಿಯೂ ಬರುವುದಿಲ್ಲ.

‘ಬುನಾದಿಯಿಲ್ಲದೆ ಹೊರಟರೆ ಎಲ್ಲಿಂದಲೋ ತಂದ ಕೋಡನ್ನು ಅಂಟಿಸಿ ಅನಾಹುತ ಮಾಡಿಕೊಳ್ಳುತ್ತಾರೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ಹೌದು, ಮಾಡಿಕೊಳ್ಳುತ್ತಾರೆ. ನಾನೇ ಮಾಡಿಕೊಂಡಿದ್ದೇನೆ, ಇದುವರೆಗೆ ಇಲ್ಲಿ ಹೇಳಿರಲಿಲ್ಲ, ಅಷ್ಟೆ. 90 ದಿನಗಳಿಂದ ಲಾಗಿನ್ ಆಗದವರ ಅಕೌಂಟುಗಳನ್ನು ನಿಷ್ಕ್ರಿಯಗೊಳಿಸುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಬಹಳ ಹೆಮ್ಮೆಯಿಂದ ಓಡಿಸಿದೆ. ಒಮ್ಮೆಯೂ ಲಾಗಿನ್ ಆಗದವರ ದಿನಾಂಕದ ಜಾಗ ಖಾಲಿಯಿರುತ್ತದೆ, ಆ ಖಾಲಿಯನ್ನು ಪವರ್‌ಶೆಲ್ ಯಾವ ದಿನಾಂಕಕ್ಕಿಂತಲೂ ಹಿಂದಿನದೆಂದೇ ಲೆಕ್ಕ ಹಿಡಿಯುತ್ತದೆ. ಹೀಗಾಗಿ ಮರುದಿನ ಕೆಲಸಕ್ಕೆ ಸೇರಬೇಕಾಗಿದ್ದ ಹೊಸಬರೆಲ್ಲರ ಬಾಗಿಲೂ ಮುಚ್ಚಿಹೋಯಿತು. ಆ ಬೆಳಿಗ್ಗೆ ಬಂದ ಫೋನ್‌ಗಳನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ನನಗಾಗ ಕ್ಲಾಸೂ ಗೊತ್ತಿತ್ತು, ಇನ್ಹೆರಿಟೆನ್ಸೂ ಗೊತ್ತಿತ್ತು! ಗೊತ್ತಿಲ್ಲದಿದ್ದದ್ದು ಕಮಾಂಡಿನ ಕೊನೆಗೆ ‘ವಾಟ್-ಇಫ್’ ಎಂದು ಸೇರಿಸಿದರೆ, ಏನನ್ನೂ ಮುಟ್ಟದೆ, ಯಾರ್ಯಾರ ಅಕೌಂಟ್ ಮುಚ್ಚಲಿದೆಯೆಂಬ ಪಟ್ಟಿಯನ್ನು ಮಾತ್ರ ತೋರಿಸುತ್ತದೆ ಎನ್ನುವುದು. ಯಾವ ಪಾಠವೂ ಅದನ್ನು ಮೊದಲ ದಿನ ಹೇಳಿಕೊಟ್ಟಿರಲಿಲ್ಲ.

ಅಂದು ಸಂಜೆ ಅವಳ ಪಕ್ಕದಲ್ಲಿ ಕೂತೆ. ಮೊದಲ ಸ್ಕ್ರಿಪ್ಟ್ ಓಡಲೇ ಇಲ್ಲ, ತಾನೇ ಏನೋ ತಪ್ಪು ಮಾಡಿದೆನೆಂದು ಅವಳ ಮುಖ ಬಾಡಿತು. ವಿಂಡೋಸ್ ಕಂಪ್ಯೂಟರಿನ ಎಕ್ಸಿಕ್ಯೂಷನ್ ಪಾಲಿಸಿಯು ಮೊದಲಿನಿಂದಲೇ ಸ್ಕ್ರಿಪ್ಟ್ ಫೈಲುಗಳನ್ನು ತಡೆದಿಟ್ಟಿರುತ್ತದೆಂದು ವಿವರಿಸಿ, ಸಂಬಂಧಪಟ್ಟವರಿಂದ ಅನುಮತಿ ಪಡೆದು, ಅವಳ ಮಟ್ಟಿಗೆ ಅದನ್ನು ಸಡಿಲಿಸಿದೆವು. ಕಮಾಂಡುಗಳ ವಿವರ ತೋರಿಸುವ ‘ಗೆಟ್-ಹೆಲ್ಪ್’ ಓದಿಕೊಂಡು ಉಳಿದದ್ದನ್ನು ಅವಳೇ ಬರೆದಳು, ನಾನು ಬಾಯಿ ಬಿಗಿಹಿಡಿದು ಕೂತದ್ದೇ ದೊಡ್ಡ ಸಾಧನೆ. ಬಾಕಿಯಿದ್ದ 43ರಲ್ಲಿ 41 ಅಕೌಂಟುಗಳು ಒಂದು ನಿಮಿಷದೊಳಗೆ ತಯಾರಾದವು, ಎರಡಕ್ಕೆ ಕೆಂಪಕ್ಷರದಲ್ಲಿ ಎರರ್ ಬಂತು. ಲಾಗಿನ್ ನೇಮ್ 20 ಅಕ್ಷರ ಮೀರಿದೆಯೆಂದು ಅವಳೇ ಬೆರಳಿಟ್ಟು ಎಣಿಸಿ ಕಂಡುಹಿಡಿದಳು. ಆಮೇಲೆ ಕೇಳಿದಳು: ‘ಬೆಳಿಗ್ಗೆ ವಿಭಾಗ ತಪ್ಪಿದ ಆ ಎರಡನ್ನೂ ಸ್ಕ್ರಿಪ್ಟಿನಿಂದಲೇ ಸರಿಮಾಡಬಹುದಾ ಸರ್?’