ಕರಣೆ ಹಿಡಿಯುವ ಮೇಸ್ತ್ರಿ

ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಮಿಕ್ಸರ್ ಪಕ್ಕ ನಿಂತು ನೋಡಿ. ಬೆಳಿಗ್ಗೆ 50 ಕೆಜಿ ಸಿಮೆಂಟ್ ಮೂಟೆಗೆ 25 ಲೀಟರ್ ಲೆಕ್ಕದಲ್ಲಿ ಬೀಳುತ್ತಿದ್ದ ನೀರು ಆ ಹೊತ್ತಿಗೆ 30, 35 ಆಗಿರುತ್ತದೆ. ಮರಳು ಒದ್ದೆಯಿದ್ದರೆ ನಿಜಕ್ಕೂ 25ಕ್ಕಿಂತ ಕಡಿಮೆಯೇ ಸಾಕು. ಹಾಗಂತ ಯಾರೂ ಮೋಸ ಮಾಡಬೇಕೆಂದು ಸುರಿದದ್ದಲ್ಲ. ಗಟ್ಟಿ ಕಾಂಕ್ರೀಟ್ ಬಾಂಡ್ಲಿಯಿಂದ ಜಾರುವುದಿಲ್ಲ, ಸಲಿಕೆಗೆ ಬಗ್ಗುವುದಿಲ್ಲ, ಕಂಬಿ ಸಂದಿಗೆ ತಳ್ಳುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಅರ್ಧ ಬಕೆಟ್ ನೀರು ಹೆಚ್ಚಿಗೆ ಬಿದ್ದರೆ ಅದೇ ಹರಿದು ಹೋಗಿ ಕೂರುತ್ತದೆ. ಸೋತ ರಟ್ಟೆಯ ಕೆಲಸವನ್ನು ನೀರಿನ ಕೈಲಿ ಮಾಡಿಸುತ್ತಾರೆ, ಅಷ್ಟೇ. ಆದರೆ ಸಿಮೆಂಟ್ ಕುಡಿದು ಉಳಿದ ನೀರು ಆರಿಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಮಳೆನೀರು ಅದೇ ದಾರಿಯಲ್ಲಿ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ, ವರ್ಷಗಳ ನಂತರ ಚಾವಣಿಯ ಅಡಿಯಿಂದ ಚಕ್ಕೆ ಚಕ್ಕೆಯಾಗಿ ಕಾಂಕ್ರೀಟ್ ಉದುರುತ್ತದೆ.

"ನೀರು ಕಮ್ಮಿ ಹಾಕ್ರೋ" ಎಂದು ನೆರಳಲ್ಲಿ ನಿಂತು ಕೂಗಿದರೆ ಇದು ನಿಲ್ಲುವುದಿಲ್ಲ. ಮೇಸ್ತ್ರಿ ತಾನೇ ವೈಬ್ರೇಟರ್, ಅಂದರೆ ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಯಂತ್ರ, ಕೈಗೆ ತೆಗೆದುಕೊಂಡು ಕಂಬಿ ಮೇಲೆ ಇಳಿದಾಗ ನಿಲ್ಲುತ್ತದೆ. ಅದರ ಸೂಜಿಯನ್ನು ನೆಟ್ಟಗೆ ಇಳಿಸಬೇಕು, ಒಂದು ಜಾಗದಲ್ಲಿ 5ರಿಂದ 15 ಸೆಕೆಂಡ್ ಹಿಡಿಯಬೇಕು, ಗುಳ್ಳೆ ಬರುವುದು ನಿಂತು ಮೇಲ್ಮೈ ಮಿನುಗಿದ ಕೂಡಲೇ ನಿಧಾನವಾಗಿ ಮೇಲೆತ್ತಬೇಕು. ಸರಕ್ಕನೆ ಎಳೆದರೆ ಒಳಗೆ ತೂತು ಉಳಿಯುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಜಲ್ಲಿ ಕೆಳಗೆ, ಸಿಮೆಂಟ್ ಹಾಲು ಮೇಲೆ. ವೈಬ್ರೇಟರಿನಿಂದಲೇ ಕಾಂಕ್ರೀಟನ್ನು ಆಚೆ ಈಚೆ ಎಳೆಯುವುದಂತೂ ತಪ್ಪೇ ತಪ್ಪು. ಇದನ್ನು ಹತ್ತು ಸಲ ಹೇಳಿದರೂ ಹುಡುಗರಿಗೆ ಹತ್ತುವುದಿಲ್ಲ. ಮೇಸ್ತ್ರಿ ಅರ್ಧ ಗಂಟೆ ಮಾಡಿದ್ದನ್ನು ನೋಡಿದರೆ ಹತ್ತುತ್ತದೆ. ಗಟ್ಟಿ ಕಾಂಕ್ರೀಟಿನ ಭಾರ ಎಷ್ಟೆಂಬುದು ಮೇಸ್ತ್ರಿಗೂ ಆಗ ನೆನಪಾಗುತ್ತದೆ, ಮಧ್ಯಾಹ್ನಕ್ಕೆ ಇನ್ನಿಬ್ಬರು ಆಳು ಬೇಕೆಂದು ಮಾಲೀಕರ ಹತ್ತಿರ ಅವನೇ ಹೋಗಿ ಕೇಳುತ್ತಾನೆ.

ಗೋಡೆ ಕೆಲಸದ ಪ್ರಾಮಾಣಿಕತೆ ಇನ್ನೂ ಕಷ್ಟದ್ದು, ಏಕೆಂದರೆ ಪ್ಲಾಸ್ಟರ್ ಎಲ್ಲವನ್ನೂ ಮುಚ್ಚುತ್ತದೆ. ಎರಡು ಇಟ್ಟಿಗೆಯ ನಡುವಿನ ನಿಂತ ಸಂದಿಗೆ ಮುಂಭಾಗದಲ್ಲಿ ಮಾತ್ರ ಗಾರೆ ಸವರಿ ಒಳಗೆ ಟೊಳ್ಳು ಬಿಡುವುದು ತೀರಾ ಸಾಮಾನ್ಯ. ಮಳೆಗಾಲದಲ್ಲಿ ಆ ಟೊಳ್ಳಿನಿಂದ ನೀರು ಬಂದು ಒಳಗಿನ ಬಣ್ಣ ಉಬ್ಬುವಾಗ ಎಲ್ಲರೂ ಪೇಂಟ್ ಬೈಯುತ್ತಾರೆ. ಇಟ್ಟಿಗೆ ನೆನೆಸದೆ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಹೀರಿ, ಸಂದಿನಲ್ಲಿ ಬರೀ ಪುಡಿ ಉಳಿಯುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಬಿಗಿಯಾದ ಗಾರೆಗೆ ಮತ್ತೆ ನೀರು ಚಿಮುಕಿಸಿ ಬಳಸುವುದೂ ಅಂಥದ್ದೇ. ಆದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಬೇಕು. ಸಿಮೆಂಟ್ ಒಂದಕ್ಕೆ ಮರಳು ಆರು ಎಂದರೆ ಬಾಂಡ್ಲಿ ಲೆಕ್ಕ, ಸಲಿಕೆ ಲೆಕ್ಕವಲ್ಲ. ಸಲಿಕೆಯಲ್ಲಿ ಮರಳು ಗುಡ್ಡೆಯಾಗಿ ಬರುತ್ತದೆ, ಸಿಮೆಂಟ್ ಜಾರಿ ಬೀಳುತ್ತದೆ.

ಮೇಸ್ತ್ರಿ ಯಾರೆಂದು ತಿಳಿಯಬೇಕಾದರೆ ಸಂಜೆ ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟಾಗ ನೋಡಬೇಕು. ವಾಲಿದ್ದು 3 ಮೀಟರ್ ಎತ್ತರಕ್ಕೆ 6 ಮಿಲಿಮೀಟರ್ ಒಳಗೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚಾಗಿ ವಾಲಿದ್ದರೆ "ಪ್ಲಾಸ್ಟರಲ್ಲಿ ಹೊಂದಿಸೋಣ ಬಿಡಿ" ಎನ್ನುವವರೇ ಬಹಳ. ತಾನೇ ಕಟ್ಟಿದ ನಾಲ್ಕು ವರಸೆಯನ್ನು, ಗಾರೆ ಹಸಿಯಿರುವಾಗಲೇ, ಹುಡುಗರ ಎದುರಿಗೇ ಕಿತ್ತು ಹಾಕುವವನು ನಮ್ಮ ಮಟ್ಟಿಗೆ ಮೇಸ್ತ್ರಿ. ಅಂಥವನ ಕೈಕೆಳಗೆ ಕಲಿತ ಹುಡುಗ ತನ್ನ ತಪ್ಪನ್ನು ಮುಚ್ಚಿಡುವುದಿಲ್ಲ, ಕರೆದು ತೋರಿಸುತ್ತಾನೆ. ಗ್ಲೌಸ್ ವಿಷಯವೂ ಹೀಗೆಯೇ. ಹಸಿ ಸಿಮೆಂಟ್ ಸುಣ್ಣದ ಹಾಗೆ ಚರ್ಮ ಸುಡುತ್ತದೆ, ಬೆರಳ ಸಂದಿ ಒಡೆದು ಹುಣ್ಣಾಗುತ್ತದೆ. ರಬ್ಬರ್ ಗ್ಲೌಸ್ ತಂದು ಮೂಲೆಗಿಟ್ಟರೆ ಅದು ಮೂಲೆಯಲ್ಲೇ ಇರುತ್ತದೆ, ಹಾಕಿಕೊಂಡವನನ್ನು ಉಳಿದವರು ಆಡಿಕೊಳ್ಳುತ್ತಾರೆ. ಮೇಸ್ತ್ರಿ ಹಾಕಿಕೊಂಡ ದಿನ ಆ ಮಾತು ನಿಲ್ಲುತ್ತದೆ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಚದರಕ್ಕೆ ಇಷ್ಟು ಎಂದು ಕೂಲಿಯನ್ನು ಜಗ್ಗಿ ಇಳಿಸಿದರೆ, ಆ ಇಳಿಕೆ ಕಣ್ಣಿಗೆ ಕಾಣದ ಕಡೆಯಿಂದಲೇ ಬರುತ್ತದೆ. ಮೊದಲ ಬಲಿ ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಡುವ ಕೆಲಸ. ಮೇಸ್ತ್ರಿ ಅದು ಮಾಲೀಕರ ಕೆಲಸ ಅಂದುಕೊಂಡಿರುತ್ತಾನೆ, ಮಾಲೀಕರು ಮೇಸ್ತ್ರಿಯದು ಅಂದುಕೊಂಡಿರುತ್ತಾರೆ. ಭಾನುವಾರ ಯಾರೂ ಇರುವುದಿಲ್ಲ. ಚಾವಣಿ ಮೇಲೆ ಕಟ್ಟೆ ಕಟ್ಟಿ 10ರಿಂದ 14 ದಿನ ನೀರು ನಿಲ್ಲಿಸಬೇಕು, ಪಿಲ್ಲರಿಗೆ ಗೋಣಿ ಸುತ್ತಿ ಅದು ಒಣಗದ ಹಾಗೆ ನೋಡಿಕೊಳ್ಳಬೇಕು. ಯಾರು, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ಮಾತಾಡಿ, ಅದಕ್ಕೆ ಬೇರೆ ಕೂಲಿ ಕೊಡಿ. ಸೈಟಿನಲ್ಲಿ ಕುಡಿಯುವ ನೀರು ಮತ್ತು ಬಾಗಿಲಿರುವ ಒಂದು ಶೌಚಾಲಯ ಪಾಯ ತೋಡುವ ದಿನವೇ ಇರಲಿ. ಅದಿಲ್ಲದ ಕಡೆ ಹೆಂಗಸರು ಬೆಳಗಿನಿಂದ ನೀರೇ ಕುಡಿಯದೆ ಬಾಂಡ್ಲಿ ಹೊರುತ್ತಾರೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೇ ಆದರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅವರು ಕೆಲಸ ಮಾಡಿದ್ದಾರೆಂದು ಬರೆದುಕೊಡಲು ಹಿಂಜರಿಯಬೇಡಿ.

ನಮ್ಮನ್ನು ಹೆಚ್ಚು ಕಾಡುವುದು ಆ ಹೆಂಗಸರ ವಿಷಯ. ಹೆಲ್ಪರ್ ಆಗಿ ಬಂದ ಹುಡುಗ ಕೆಲವೇ ವರ್ಷದಲ್ಲಿ ಕರಣೆ ಹಿಡಿಯುತ್ತಾನೆ. ಅವನ ಜೊತೆಗೇ ಬಂದ ಹೆಂಗಸು ಇಪ್ಪತ್ತು ವರ್ಷವಾದರೂ ಬಾಂಡ್ಲಿಯನ್ನೇ ಹೊರುತ್ತಿರುತ್ತಾಳೆ, ಕೂಲಿಯೂ ಅಲ್ಲೇ ನಿಂತಿರುತ್ತದೆ. ಗಾರೆಯ ಹದ ಅವಳಿಗೆ ಆ ಹುಡುಗನಿಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ಕಲಸುವವಳೇ ಅವಳು. ಕಲಿಸುವುದು ದೊಡ್ಡ ವಿಷಯವೇನಲ್ಲ. ಕಾಂಪೌಂಡ್ ಗೋಡೆಯಿಂದ ಶುರುಮಾಡಿ. ಎರಡೂ ಮೂಲೆಯನ್ನು ಮೇಸ್ತ್ರಿ ಕಟ್ಟಿ, ನಡುವೆ ದಾರ ಬಿಗಿದು, ರಸಮಟ್ಟ ಇಟ್ಟು ತೋರಿಸಿ, ನಡುವಿನ ಇಟ್ಟಿಗೆಗಳನ್ನು ಅವಳಿಗೆ ಬಿಡಲಿ. 10 ಮಿಲಿಮೀಟರ್ ಸಂದು, ನಿಂತ ಸಂದಿಗೂ ತುಂಬ ಗಾರೆ, ದಾರಕ್ಕೆ ಇಟ್ಟಿಗೆ ತಾಗಬಾರದು. ಆ ದಿನ ಬಾಂಡ್ಲಿಯನ್ನು ಇನ್ನೊಬ್ಬರು ಹೊರಲಿ, ಬೇಕಾದರೆ ಮೇಸ್ತ್ರಿಯೇ ಹೊರಲಿ.